ಕೂಸುಗಳಿಗೂ ಗರ್ಭಿಣಿಯರಿಗೂ ಔಷಧ ಕೊಡುವ ವಿಷಯ

ಔಷಧವು ರೋಗವನ್ನು ವಾಸಿಮಾಡುವದೆಂದು ಎಲ್ಲರೂ ಬಲ್ಲರು. ಅದೇ ಔಷಧವು ಅಳತೆ ತಪ್ಪಿದಲ್ಲಿ ಕೇಡು ಮಾಡುವದೆಂಬದನ್ನು ಸಹ ಕೇಳಿರುವೆವು. ಆದರೆ ಕೇಳಿದ್ದು ಬೇರೆ, ಕಣ್ಣಾರೆ ಕಂಡದ್ದು ಬೇರೆ. ಆದಕಾರಣ ನಾವು ಕಂಡದ್ದನ್ನು ಮೊದಲು ತಿಳಿಸಿ ಬಳಿಕ ಪಾಠಕ್ಕೆ ಬರುವೆವು.

ಕಳೆದ ಮಳೆಗಾಲದಲ್ಲಿ ನಾಟಿಯ ಕೆಲಸ ನಡೆಯುತ್ತಿದ್ದಾಗ ಒಂದು ಸಾಯಂಕಾಲ ನಾವು ಒಂದು ಹಳ್ಳಿಯ ಮನೆಗೆ ಹೋದೆವು. ತಾಯಿ ಗದ್ದೆಯಿಂದ ಇನ್ನೂ ಬಂದಿರಲಿಲ್ಲ. ಅಜ್ಜಿಯು ಒಂದು ವರುಷದ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಕೂಸಿಗೆ ಹಿಂದಿನ ರಾತ್ರಿಯಿಂದ ಜ್ವರ. ಕಿಟಿಕಿಯಲ್ಲಿ ಎರಡು ಸೀಸೆಗಳಿದ್ದವು. ದೊಡ್ಡದು ಐದು ವರುಷದ ಅಕ್ಕನಿಗೆ ಡಾಕ್ಟರರು ಬರೆದುಕೊಟ್ಟಿದ್ದ ಜ್ವರದ ಸಿರಪ್ಪು; ಅದು ಮುಗಿದುಹೋಗಿತ್ತು. ಚಿಕ್ಕದು ಕೂಸಿಗಾಗಿ ತಂದ ಹನಿಮದ್ದು. ಅಕ್ಕನಿಗೆ "ಒಂದು ಚಮಚೆ" ಎಂದು ಹೇಳಿದ್ದು ಅಜ್ಜಿಗೆ ನೆನಪಿತ್ತು. ಎರಡರ ಹೆಸರೂ ಒಂದೇ, ಬಣ್ಣವೂ ಒಂದೇ. ಆದ್ದರಿಂದ ಅವಳು ಚಿಕ್ಕ ಸೀಸೆಯಿಂದಲೇ ಬೆಳಿಗ್ಗೆ ಒಂದು ಚಮಚೆ, ಮಧ್ಯಾಹ್ನ ಒಂದು, ಸಾಯಂಕಾಲ ಒಂದು ಕುಡಿಸಿದ್ದಳು. ಹದಿನೈದು ಮಿಲಿಲೀಟರಿನ ಸೀಸೆ ಒಂದೇ ದಿನದಲ್ಲಿ ಬರಿದಾಗಿತ್ತು. ಜ್ವರವೂ ಇಳಿದಿತ್ತು, ಕೂಸು ನಗುತ್ತಿತ್ತು.

ಆಗ ಆ ಊರಿನ ಆಶಾ ಕಾರ್ಯಕರ್ತೆಯು ಜ್ವರದ ಸುದ್ದಿ ಕೇಳಿ ಬಂದಳು. ಬರಿದಾದ ಸೀಸೆಯನ್ನು ಬೆಳಕಿಗೆ ಹಿಡಿದು ಓದಿ, "ಅಜ್ಜೀ, ಇದನ್ನೆಲ್ಲಾ ಇವತ್ತೇ ಕೊಟ್ಟಿರಾ?" ಎಂದು ಕೇಳಿದಳು. "ಹೌದು ಮಗಾ, ಗುಣವಾಯಿತಲ್ಲಾ, ಆಟವಾಡುತ್ತಾನೆ ನೋಡು," ಎಂದು ಅಜ್ಜಿ ಅಂದಳು. ಅವಳು, "ಈ ಮದ್ದು ಹೆಚ್ಚಾದರೆ ಮೊದಲನೆಯ ದಿನ ಏನೂ ತೋರುವದಿಲ್ಲ, ಅಜ್ಜೀ. ಲಿವರು ಕೆಡುವದು ಆಮೇಲೆ. ಏಳಿ, ಈಗಲೇ ಹೋಗೋಣ. ಎರಡು ಸೀಸೆಗಳನ್ನೂ ತೆಗೆದುಕೊಳ್ಳಿ," ಎಂದು ೧೦೮ಕ್ಕೆ ಫೋನು ಮಾಡಿದಳು. ತಾಲೂಕು ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿ, ಆ ಮದ್ದಿನ ವಿಷವನ್ನು ಮುರಿಯುವ ಔಷಧವನ್ನು ನರಕ್ಕೆ ಏರಿಸಿದರು. ಮೂರನೆಯ ದಿನ ಕೂಸು ಮನೆಗೆ ಬಂತು. ಆ ಸಾಯಂಕಾಲ ಅವಳು ಬಾರದೆ ಇದ್ದಿದ್ದರೆ ನಾವೂ ಅಜ್ಜಿಯ ಹಾಗೆಯೇ ನಗುವ ಕೂಸನ್ನು ನೋಡಿ ಸಂತೋಷಪಟ್ಟು ಹೊರಟುಹೋಗುತ್ತಿದ್ದೆವು. ಇದನ್ನು ನೆನಸುವಾಗಲೆಲ್ಲಾ ನಮಗೆ ನಡುಕ ಬರುವದು.

ಹಾಗಾದರೆ ತಪ್ಪು ಎಲ್ಲಿ ಆಯಿತು? ಅಜ್ಜಿಯ ಪ್ರೀತಿಯಲ್ಲಿ ತಪ್ಪಿರಲಿಲ್ಲ, ಔಷಧವೂ ಕೆಟ್ಟದ್ದಲ್ಲ. ಆ ಔಷಧದ ಹೆಸರು ಪ್ಯಾರಾಸಿಟಮಾಲ್. ಮಕ್ಕಳ ಜ್ವರಕ್ಕೆ ಅದೇ ಎಲ್ಲಕ್ಕಿಂತ ತಕ್ಕದ್ದೆಂದು ವೈದ್ಯರು ಹೇಳುತ್ತಾರೆ. ಕೂಸಿನ ತೂಕದ ಒಂದೊಂದು ಕಿಲೋಗ್ರಾಮಿಗೆ ೧೦ರಿಂದ ೧೫ ಮಿಲಿಗ್ರಾಮಿನಂತೆ ಒಂದು ಸಾರಿಯ ಅಳತೆ. ನಾಲ್ಕರಿಂದ ಆರು ತಾಸು ಕಳೆಯದೆ ಮತ್ತೊಮ್ಮೆ ಕೊಡಕೂಡದು. ಹಗಲೂ ರಾತ್ರಿಯೂ ಕೂಡಿ ನಾಲ್ಕು ಸಾರಿಗಿಂತ ಹೆಚ್ಚು ಕೊಡಕೂಡದು. ಆ ಕೂಸಿನ ತೂಕ ಒಂಬತ್ತು ಕಿಲೋ. ಆದ್ದರಿಂದ ಅವನಿಗೆ ಒಂದು ಸಾರಿಗೆ ೯೦ರಿಂದ ೧೩೫ ಮಿಲಿಗ್ರಾಂ ಸಾಕಾಗಿತ್ತು. ಅಂಗಡಿಯಲ್ಲಿ ಸಿಕ್ಕುವ ಸಿರಪ್ಪಿನ ಐದು ಮಿಲಿಲೀಟರಿನಲ್ಲಿ ಸುಮಾರು ೧೨೫ ಇಲ್ಲವೆ ೨೫೦ ಮಿಲಿಗ್ರಾಂ ಇರುವದು. ಹನಿಮದ್ದಿನಲ್ಲಾದರೋ ಒಂದೇ ಒಂದು ಮಿಲಿಲೀಟರಿನಲ್ಲಿ ೧೦೦ ಮಿಲಿಗ್ರಾಂ ಇರುವದು. ಏಕೆಂದರೆ ಚಿಕ್ಕ ಕೂಸು ಹೆಚ್ಚು ಕುಡಿಯಲಾರದೆಂದು ಅದನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಚಿಕ್ಕ ಸೀಸೆಯಲ್ಲಿ ಇರುವದು ಸಾದಾ ಮದ್ದೆಂದು ನಾವು ಎಣಿಸುತ್ತೇವೆ; ನಿಜದಲ್ಲಿ ಅದೇ ಖಾರವಾದದ್ದು. ಒಂದು ಮಿಲಿಲೀಟರು ಸಾಕಾಗಿದ್ದಲ್ಲಿ ಅಜ್ಜಿಯು ಐದನ್ನು ಕೊಟ್ಟಳು, ಅದೂ ಮೂರು ಸಾರಿ.

ಆದ್ದರಿಂದ ತೂಕವನ್ನು ತಿಳಿಯದೆ ಮಕ್ಕಳಿಗೆ ಔಷಧ ಕೊಡಕೂಡದೆಂಬದು ಮೊದಲನೆಯ ಪಾಠ. ವಯಸ್ಸು ಸಾಲದು, ಎರಡು ವರುಷದ ಒಂದು ಮಗು ಹನ್ನೆರಡು ಕಿಲೋ ಇದ್ದರೆ ಇನ್ನೊಂದು ಎಂಟೇ ಇದ್ದೀತು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಾರಲ್ಲವೇ? ಆ ಮನೆಯಲ್ಲಿ ಈಗ ಕೂಸಿನ ತೂಕವನ್ನು ಬಾಗಿಲ ಹಿಂದೆ ಸೀಮೆಸುಣ್ಣದಿಂದ ಬರೆದಿಡುತ್ತಾರೆ. ಡಾಕ್ಟರರ ಬಳಿಗೆ ಹೋದಾಗ ಇದನ್ನು ಹೇಳಿದರೆ ಅವರಿಗೂ ಸಹಾಯ. ಅಡಿಗೆಮನೆಯ ಚಮಚೆಯನ್ನಂತೂ ನಂಬಲೇ ಬೇಡಿರಿ. ನಾವು ಒಂದು ದಿನ ನಮ್ಮ ಮನೆಯ ಚಮಚೆಗಳನ್ನೆಲ್ಲಾ ತಂದು ಔಷಧದ ಅಳತೆಯ ಮುಚ್ಚಳಕ್ಕೆ ನೀರು ಸುರಿದು ನೋಡಿದೆವು, ಒಂದರಂತೆ ಇನ್ನೊಂದಿರಲಿಲ್ಲ. ಔಷಧದ ಸಂಗಡ ಬರುವ ಮುಚ್ಚಳವನ್ನು, ಕೊಳವೆಯನ್ನು, ಇಲ್ಲವೆ ಸೂಜಿ ಇಲ್ಲದ ಪಿಚಕಾರಿಯನ್ನು ಉಪಯೋಗಿಸಿರಿ. ಒಂದು ಸೀಸೆಯ ಕೊಳವೆಯನ್ನು ಇನ್ನೊಂದರಲ್ಲಿ ಅದ್ದಬೇಡಿರಿ. ಅವುಗಳ ಗೆರೆಗಳು ಬೇರೆ ಬೇರೆ.

ಬೇರೆ ಬೇರೆ ಹೆಸರಿನ ಎರಡು ಔಷಧಗಳಲ್ಲಿ ಒಂದೇ ವಸ್ತು ಇರುವದೂ ಉಂಟು. ನೆಗಡಿಯ ಎಷ್ಟೋ ಸಿರಪ್ಪುಗಳಲ್ಲಿ ಪ್ಯಾರಾಸಿಟಮಾಲ್ ಕೂಡಿರುವದು. ಅದನ್ನೂ ಕೊಟ್ಟು ಜ್ವರದ ಮದ್ದನ್ನೂ ಕೊಟ್ಟರೆ ಅಳತೆ ಎರಡರಷ್ಟಾಯಿತು. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗಿನ ಚಿಕ್ಕ ಅಕ್ಷರಗಳನ್ನು ಓದಿರಿ, ಓದಬಾರದವರು ಓದಬಲ್ಲ ಮಗಳಿಂದ ಓದಿಸಿರಿ.

ಮಗುವು ಚಿಕ್ಕ ಅಳತೆಯ ಮನುಷ್ಯನೆಂದು ಎಣಿಸುವದು ಎರಡನೆಯ ತಪ್ಪು. ಹುಟ್ಟಿದ ಕೂಸಿನ ಯಕೃತ್ತೂ ಮೂತ್ರಪಿಂಡಗಳೂ ಇನ್ನೂ ಬಲಿತಿರುವದಿಲ್ಲ. ದೊಡ್ಡವರ ದೇಹವು ಕರಗಿಸಿ ಹೊರಗೆ ಹಾಕುವದನ್ನು ಕೂಸಿನ ದೇಹವು ಕೂಡಿಟ್ಟುಕೊಳ್ಳುವದು. ಕ್ಲೋರಾಂಫೆನಿಕಾಲ್ ಎಂಬ ಔಷಧವು ದೊಡ್ಡವರ ವಿಷಮಶೀತ ಜ್ವರಕ್ಕೆ ಬಹಳ ಉಪಕಾರವಾಗಿತ್ತು. ಅದನ್ನು ಎಳೆಗೂಸುಗಳಿಗೆ ಕೊಟ್ಟಾಗ ಅವು ಬೂದಿಬಣ್ಣಕ್ಕೆ ತಿರುಗಿ ಸತ್ತವು. ೧೯೫೯ರ ಸುಮಾರಿಗೆ ವೈದ್ಯರು ಇದರ ಕಾರಣವನ್ನು ಕಂಡುಕೊಂಡರು. ಆಸ್ಪಿರಿನ್ ಗುಳಿಗೆಯನ್ನು ಜ್ವರದ ಮಕ್ಕಳಿಗೆ ಈಗ ಕೊಡುವದಿಲ್ಲ, ಯಾಕಂದರೆ ಫ್ಲೂ ಅಥವಾ ಸೀತಾಳೆ ಸಿಡುಬಿನ ಸಮಯದಲ್ಲಿ ಅದು ಮೆದುಳನ್ನೂ ಯಕೃತ್ತನ್ನೂ ಕೆಡಿಸುವ ರೋಗವನ್ನು ಎಬ್ಬಿಸಬಹುದು. ೧೯೬೩ರಲ್ಲಿ ಆಸ್ಟ್ರೇಲಿಯದ ರೈ ಎಂಬ ವೈದ್ಯರು ಆ ರೋಗವನ್ನು ವರ್ಣಿಸಿದ್ದರಿಂದ ಅದಕ್ಕೆ ಅವರ ಹೆಸರೇ ಬಂದಿದೆ. ನಿಮೆಸುಲೈಡ್ ಎಂಬ ನೋವಿನ ಮದ್ದನ್ನು ಹನ್ನೆರಡು ವರುಷದ ಒಳಗಿನವರಿಗೆ ಕೊಡಬಾರದೆಂದು ಭಾರತ ಸರಕಾರವು ೨೦೧೧ರಲ್ಲಿ ನಿಷೇಧಿಸಿತು. ತಂದೆಯ ಮೈನೋವಿನ ಗುಳಿಗೆಯನ್ನು ಮುರಿದು ಮಗುವಿಗೆ ಅರ್ಧ ಕೊಡುವ ಪದ್ಧತಿಯು ಎಷ್ಟು ಅಪಾಯವೆಂದು ಇದರಿಂದ ತಿಳಿಯಬಹುದು.

ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಮನೆಯ ಮದ್ದೂ ಬೇಡ, ಅಂಗಡಿಯ ಮದ್ದೂ ಬೇಡ; ಅದೇ ದಿನ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕೆಮ್ಮಿನ ಸಿರಪ್ಪಿನ ಮಾತನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕಂದರೆ ಇದರಲ್ಲಿ ತಾಯಂದಿರ ಅಳತೆ ಸರಿಯಾಗಿದ್ದರೂ ಮಕ್ಕಳು ಸತ್ತದ್ದುಂಟು. ಡೈಎಥಿಲೀನ್ ಗ್ಲೈಕಾಲ್ ಎಂಬದು ಸಿಹಿಯಾದ, ಅಂಟಾದ ಒಂದು ದ್ರವ. ಕಾರ್ಖಾನೆಗಳ ಕೆಲಸಕ್ಕೆ ಅದು ಬೇಕು. ಹೊಟ್ಟೆಗೆ ಹೋದರೆ ಮೂತ್ರಪಿಂಡಗಳನ್ನು ಕೊಲ್ಲುವದು. ೧೯೩೭ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ಈ ದ್ರವದಲ್ಲಿ ಕರಗಿಸಿ ಮಾರಿದಾಗ ನೂರಕ್ಕಿಂತ ಹೆಚ್ಚು ಜನರು ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಮಾರುವ ಮೊದಲು ಔಷಧವನ್ನು ಪರೀಕ್ಷಿಸಬೇಕೆಂಬ ಕಾಯಿದೆಯು ಅಲ್ಲಿ ಮರುವರುಷವೇ ಹುಟ್ಟಿತು. ಆದರೂ ಪಾಠ ಕಲಿತದ್ದು ಸಾಲದು. ೧೯೮೬ರಲ್ಲಿ ಮುಂಬಯಿಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನಿನಿಂದ ರೋಗಿಗಳು ಸತ್ತರು. ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯ ದೇಶದಲ್ಲಿ ಅರುವತ್ತಕ್ಕಿಂತ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಾಗ ಅವರು ಕುಡಿದ ಸಿರಪ್ಪುಗಳಲ್ಲಿ ಈ ವಿಷ ಕಂಡುಬಂತು. ೨೦೨೫ರಲ್ಲಿ ನಮ್ಮ ದೇಶದ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಅದೇ ಕಥೆ. ಇಪ್ಪತ್ತು ಮಕ್ಕಳಿಗೂ ಹೆಚ್ಚು ತೀರಿಕೊಂಡರು. ಆ ಸಿರಪ್ಪಿನ ನೂರು ಪಾಲಿನಲ್ಲಿ ನಾಲ್ವತ್ತೆಂಟಕ್ಕಿಂತ ಹೆಚ್ಚು ಪಾಲು ಆ ವಿಷವೇ ಆಗಿತ್ತು.

ಇಂಥ ವಿಷವನ್ನು ಕಣ್ಣಿನಿಂದಾಗಲಿ ನಾಲಿಗೆಯಿಂದಾಗಲಿ ತಿಳಿಯಲು ಯಾವ ತಾಯಿಗೂ ಸಾಧ್ಯವಿಲ್ಲ. ಆದರೆ ಕೆಮ್ಮಿನ ಸಿರಪ್ಪು ಚಿಕ್ಕ ಮಕ್ಕಳಿಗೆ ಬೇಕೇ ಎಂದು ಕೇಳಬಹುದು. ಬೇಡವೆಂದೇ ವೈದ್ಯರ ಉತ್ತರ. ಎರಡು ವರುಷದ ಒಳಗಿನ ಮಕ್ಕಳಿಗೆ ಕೆಮ್ಮು ನೆಗಡಿಗಳ ಔಷಧವನ್ನು ಕೊಡಲೇಬಾರದು, ಐದು ವರುಷದ ಒಳಗಿನವರಿಗೂ ಸಾಮಾನ್ಯವಾಗಿ ಬೇಡವೆಂದು ಕೇಂದ್ರ ಸರಕಾರದ ಆರೋಗ್ಯ ಇಲಾಖೆಯು ಅದೇ ೨೦೨೫ರಲ್ಲಿ ತಿಳಿಸಿತು. ಬರೇ ನೆಗಡಿ ಕೆಮ್ಮು ಕೆಲವು ದಿನಗಳಲ್ಲಿ ತಾನಾಗಿ ವಾಸಿಯಾಗುವದು. ಮೊಲೆಹಾಲು, ಆರು ತಿಂಗಳು ದಾಟಿದವರಿಗೆ ಬೆಚ್ಚಗಿನ ನೀರು, ಮೂಗಿಗೆ ಉಪ್ಪುನೀರಿನ ಹನಿ ಸಾಕು. ಒಂದು ವರುಷ ತುಂಬುವ ತನಕ ಜೇನು ಮಾತ್ರ ಬೇಡ. ಅದರಲ್ಲಿ ಕೆಲವು ಸಾರಿ ಇರುವ ಸೂಕ್ಷ್ಮ ಬೀಜಗಳು ಕೂಸಿನ ಕರುಳಲ್ಲಿ ಮೊಳೆತು ವಿಷವನ್ನು ಹುಟ್ಟಿಸಬಹುದು. ಉಸಿರು ವೇಗವಾಗಿದ್ದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಕೂಸು ಹಾಲು ಕುಡಿಯದಿದ್ದರೆ ಅದು ನೆಗಡಿಯಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಿರಪ್ಪು ಕೊಟ್ಟರೆ ಕೂಸು ಚೆನ್ನಾಗಿ ನಿದ್ರೆ ಮಾಡುತ್ತದೆಂದು ಸಂತೋಷಪಡುವ ತಾಯಂದಿರನ್ನು ನಾವು ಕಂಡಿದ್ದೇವೆ. ಸುಮಾರು ನೂರು ವರುಷದ ಹಿಂದೆ ಮುಂಬಯಿಯ ಗಿರಣಿಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳು ಅಳದಂತೆ ಬಾಲಗೋಲಿ ಎಂಬ ಅಫೀಮಿನ ಗುಳಿಗೆಯನ್ನು ಕೊಟ್ಟು ಮಲಗಿಸಿ ಹೋಗುತ್ತಿದ್ದರು. ಬಡತನವು ಅವರಿಂದ ಹಾಗೆ ಮಾಡಿಸಿತು. ನಾವು ಅವರನ್ನು ಜರೆಯುವದಿಲ್ಲ. ಆದರೆ ಮದ್ದಿನ ಅಮಲು ಬೇರೆ, ನಿದ್ರೆ ಬೇರೆ.

ಭೇದಿಗೆ ಕೊಡುವ ಓಆರ್‌ಎಸ್ ಪುಡಿಯಲ್ಲಿಯೂ ಅಳತೆ ಉಂಟು. ಒಂದು ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುಡಿಯುವ ನೀರಿನಲ್ಲಿ ಕರಗಿಸಬೇಕು. ಸ್ವಲ್ಪ ಸ್ವಲ್ಪವಾಗಿ ಲೋಟಕ್ಕೆ ಉದುರಿಸಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಕೇಡು. ಇಪ್ಪತ್ತನಾಲ್ಕು ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಬೇಕು. ೧೯೭೧ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದು ನರಕ್ಕೆ ಏರಿಸುವ ನೀರು ಮುಗಿದಾಗ ಡಾಕ್ಟರ್ ದಿಲೀಪ ಮಹಲನಾಬಿಸರು ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಮರಣವು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಅದರ ಸಂಗಡ ಕೊಡುವ ಸತುವಿನ ಗುಳಿಗೆಯನ್ನು ಭೇದಿ ನಿಂತರೂ ಹದಿನಾಲ್ಕು ದಿನ ಕೊಡಬೇಕು.

ಔಷಧ ಕುಡಿಸುವಾಗ ಕೂಸಿನ ಮೂಗನ್ನು ಹಿಡಿಯಕೂಡದು, ಮಲಗಿಸಿ ಕುಡಿಸಕೂಡದು. ಅದು ಶ್ವಾಸಕ್ಕೆ ಹೋದೀತು. ಕೂತ ಹಾಗೆ ಹಿಡಿದು ಕೆನ್ನೆಯ ಒಳಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. "ಇದು ಮಿಠಾಯಿ" ಎಂದು ಮರುಳುಮಾಡಿ ಕೊಡುವದು ಬಹಳ ಕೆಟ್ಟದ್ದು. ಯಾಕಂದರೆ ಅದನ್ನು ನಂಬಿದ ಮಗು ಇನ್ನೊಂದು ದಿನ ತಾನಾಗಿ ಹುಡುಕಿ ತಿನ್ನುವದು. ಇಲ್ಲಿ ತಾಯಂದಿರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಗುಳಿಗೆಗಳು ತಾಯಿಗೆ ರಕ್ತವನ್ನು ಕೊಡುವವು. ಮನೆಯಲ್ಲಿರುವ ಎರಡು ವರುಷದ ಮಗು ಅವನ್ನು ಮಿಠಾಯಿಯೆಂದು ಹಿಡಿ ತುಂಬ ನುಂಗಿದರೆ ಪ್ರಾಣಕ್ಕೇ ಅಪಾಯ. ತಾಯಿಯ ಗುಳಿಗೆಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿಡಿರಿ. ಸೀಮೆಎಣ್ಣೆಯನ್ನೂ ಹೊಲದ ಮದ್ದನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿರಿ. ಮಗು ಅದನ್ನು ಕುಡಿದರೆ ವಾಂತಿ ಮಾಡಿಸಬಾರದು. ಬಾಟಲಿಯ ಸಂಗಡ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಗರ್ಭಿಣಿಯರ ವಿಷಯ. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ಬಹಳ ನಿರಪಾಯವಾದದ್ದೆಂದು ಹೊಗಳಿ ಮಾರಿದರು. ಬಸುರಿಯರ ವಾಂತಿಗೂ ಅದನ್ನು ಕೊಟ್ಟರು. ಸ್ವಲ್ಪ ಕಾಲದಲ್ಲಿ ಕೈಕಾಲುಗಳು ಬೆಳೆಯದ ಕೂಸುಗಳು ಹುಟ್ಟತೊಡಗಿದವು. ಜರ್ಮನಿಯ ಲೆಂಜ್ ಎಂಬ ವೈದ್ಯರೂ ಆಸ್ಟ್ರೇಲಿಯದ ಮೆಕ್‌ಬ್ರೈಡ್ ಎಂಬವರೂ ಬೇರೆ ಬೇರೆಯಾಗಿ ಕಾರಣವನ್ನು ಹುಡುಕಿದರು. ೧೯೬೧ರ ನವೆಂಬರದಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಅಷ್ಟರಲ್ಲಿ ಲೋಕದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಊನರಾಗಿ ಹುಟ್ಟಿದ್ದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಸ್ತ್ರೀಯು ಸರಕಾರದ ಔಷಧ ಇಲಾಖೆಯಲ್ಲಿದ್ದು, ಕಂಪೆನಿಯವರು ಎಷ್ಟು ಒತ್ತಾಯಿಸಿದರೂ ಸಾಕ್ಷಿ ಸಾಲದೆಂದು ಅಪ್ಪಣೆ ಕೊಡಲಿಲ್ಲ. ಅವಳ ಹಟದಿಂದ ಎಷ್ಟೋ ಕೂಸುಗಳು ಉಳಿದವು.

ಆ ಗುಳಿಗೆಯು ಕೇಡು ಮಾಡಿದ್ದು ಗರ್ಭ ನಿಂತ ಮೇಲೆ ಸುಮಾರು ಇಪ್ಪತ್ತನೆಯ ದಿನದಿಂದ ಮೂವತ್ತಾರನೆಯ ದಿನದ ಒಳಗೆ. ಆ ದಿನಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬದೇ ನಿಶ್ಚಯವಾಗಿರುವದಿಲ್ಲ. ನಮ್ಮ ಹಳ್ಳಿಗಳಲ್ಲಿಯಾದರೋ ನಿಶ್ಚಯವಾದರೂ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬ ವಾಡಿಕೆ ಉಂಟು. ಕೂಸಿನ ಹೃದಯ, ಮೆದುಳು, ಕೈಕಾಲುಗಳು ರೂಪುಗೊಳ್ಳುವದು ಆ ಮೂರು ತಿಂಗಳುಗಳಲ್ಲಿಯೇ. ನೆರೆಯವರಿಗೆ ಹೇಳದಿದ್ದರೆ ಹೇಳದಿರಲಿ. ಡಾಕ್ಟರರಿಗೂ ಔಷಧದ ಅಂಗಡಿಯವರಿಗೂ ಮಾತ್ರ, "ನನಗೆ ತಿಂಗಳು ನಿಂತಿದೆ" ಎಂದು ನಾಚದೆ ಹೇಳಬೇಕು. ಅತ್ತೆಯ ಎದುರಿಗೆ ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಿರಿ. ಮೈಕೈ ನೋವಿಗೆ ಐಬುಪ್ರೊಫೆನ್ ಮುಂತಾದ ಗುಳಿಗೆಗಳನ್ನು ತಾವಾಗಿ ನುಂಗಕೂಡದು. ವಿಶೇಷವಾಗಿ ಐದನೆಯ ತಿಂಗಳ ಮೇಲೆ ಅವು ಕೂಸಿನ ಮೂತ್ರಪಿಂಡಕ್ಕೂ ಹೃದಯದ ನಾಳಕ್ಕೂ ತೊಂದರೆ ಮಾಡಬಹುದು. ಟೆಟ್ರಾಸೈಕ್ಲಿನ್ ಕೂಸಿನ ಹಲ್ಲುಗಳಿಗೆ ಕಲೆ ಹಾಕುವದು. ಮೊಡವೆಗೆ ಕೊಡುವ ಒಂದು ಬಗೆಯ ಗುಳಿಗೆಯು ಸಹ ಗರ್ಭಕ್ಕೆ ಬಹಳ ಕೆಟ್ಟದ್ದು.

ಆದರೆ ಈ ಮಾತುಗಳನ್ನು ಕೇಳಿ ಹೆದರಿ ಇದ್ದ ಔಷಧಗಳನ್ನೆಲ್ಲಾ ಬಾವಿಗೆ ಹಾಕುವದು ಅದಕ್ಕಿಂತ ದೊಡ್ಡ ತಪ್ಪು. ಮೂರ್ಛೆರೋಗ, ಕ್ಷಯ, ಉಬ್ಬಸ, ಥೈರಾಯಿಡ್, ಸಕ್ಕರೆ ರೋಗ ಇವುಗಳಿಗೆ ಔಷಧ ತೆಗೆದುಕೊಳ್ಳುವವಳು ಬಸುರಿಯಾದ ಕೂಡಲೇ ಅದನ್ನು ಬಿಟ್ಟರೆ ತಾಯಿಯ ಜೀವಕ್ಕೂ ಕೂಸಿನ ಜೀವಕ್ಕೂ ಅಪಾಯ. ಮೂರ್ಛೆರೋಗದ ವಾಲ್‌ಪ್ರೊಯೇಟ್ ಗರ್ಭಕ್ಕೆ ಕೇಡೆಂಬದು ನಿಜ. ಅದಕ್ಕೋಸ್ಕರ ಮದುವೆಯ ಮೊದಲೇ ಇಲ್ಲವೆ ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಂಡು ಬೇರೆ ಔಷಧಕ್ಕೆ ಬದಲಿಸಿಕೊಳ್ಳಬೇಕು; ಒಮ್ಮೆಲೇ ನಿಲ್ಲಿಸಕೂಡದು.

ತೆಗೆದುಕೊಳ್ಳಲೇಬೇಕಾದ ಗುಳಿಗೆಗಳೂ ಉಂಟು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ೧೯೨೮ರಲ್ಲಿ ಮುಂಬಯಿಗೆ ಬಂದು, ಗಿರಣಿ ಕೆಲಸದ ಬಡ ಗರ್ಭಿಣಿಯರು ರಕ್ತವಿಲ್ಲದೆ ಬಿಳಿಚಿಕೊಳ್ಳುವದನ್ನು ಪರೀಕ್ಷಿಸಿ, ಯೀಸ್ಟಿನ ಸಾರವನ್ನು ತಿನ್ನಿಸಿದಾಗ ಅವರು ಗುಣವಾಗುವದನ್ನು ಕಂಡಳು. ಆ ಸಾರದಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ನಮ್ಮ ದೇಶದ ಹೆಂಗಸರಿಂದ ಕಲಿತ ಪಾಠವೇ ಈಗ ಲೋಕದ ತಾಯಂದಿರಿಗೆಲ್ಲಾ ಉಪಕಾರವಾಗಿದೆ. ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ, ನಾಲ್ಕನೆಯ ತಿಂಗಳಿಂದ ಕಬ್ಬಿಣ ಕೂಡಿದ ಗುಳಿಗೆ ದಿನಕ್ಕೊಂದು ನೂರೆಂಬತ್ತು ದಿನ, ಹೆರಿಗೆಯ ಮೇಲೂ ಅಷ್ಟೇ ದಿನ. ಕಬ್ಬಿಣದ ಗುಳಿಗೆಯನ್ನೂ ಸುಣ್ಣಾಂಶದ ಗುಳಿಗೆಯನ್ನೂ ಒಟ್ಟಿಗೆ ನುಂಗಕೂಡದು, ಎರಡು ತಾಸು ಅಂತರವಿರಲಿ. ಕಬ್ಬಿಣದ ಗುಳಿಗೆಯ ಸಂಗಡ ಚಹಾ ಬೇಡ. ಮಲ ಕಪ್ಪಾದರೆ ಹೆದರಬೇಡಿರಿ, "ಕೂಸು ಕಪ್ಪಾಗುವದು" ಎಂಬ ಮಾತನ್ನು ನಂಬಬೇಡಿರಿ.

ಹೆರಿಗೆಯ ಸಮಯದ ಒಂದು ದುರಭ್ಯಾಸವನ್ನು ನಾವು ಬಿಡದೆ ಹೇಳಬೇಕು. ನೋವು ನಿಧಾನವಾದರೆ ಸೂಲಗಿತ್ತಿಯು ಊರಿನ ಸೂಜಿ ಚುಚ್ಚುವವನನ್ನು ಕರೆಯಿಸಿ "ನೋವಿನ ಇಂಜೆಕ್ಷನ್" ಹಾಕಿಸುವದುಂಟು. ಅದು ಆಕ್ಸಿಟೋಸಿನ್. ಸಹಜವಾದ ನೋವು ಬಂದು ಬಿಡುವದು, ಮತ್ತೆ ಬರುವದು. ಬಿಟ್ಟ ಹೊತ್ತಿನಲ್ಲಿ ಕೂಸಿಗೆ ರಕ್ತವು ಹರಿಯುವದು. ಸೂಜಿಯಿಂದ ಒಮ್ಮೆಗೇ ಹಾಕಿದಾಗ ಗರ್ಭಕೋಶವು ಬಿಡುವಿಲ್ಲದೆ ಹಿಂಡುವದು. ಕೂಸು ಒಳಗೇ ಉಸಿರುಕಟ್ಟಿ ಸಾಯಬಹುದು, ಬದುಕಿದರೂ ಮೆದುಳು ಕೆಡಬಹುದು. ಗರ್ಭಕೋಶವೇ ಹರಿದು ತಾಯಿಯೂ ಸಾಯಬಹುದು. ಆಸ್ಪತ್ರೆಯಲ್ಲಿ ಅದನ್ನೇ ಹನಿಹನಿಯಾಗಿ, ಕೂಸಿನ ಎದೆಬಡಿತವನ್ನು ಕೇಳುತ್ತಾ, ಬೇಕಾದರೆ ಕೂಡಲೇ ಶಸ್ತ್ರಕ್ರಿಯೆ ಮಾಡುವ ಸಿದ್ಧತೆಯಿಂದ ಕೊಡುತ್ತಾರೆ. ಅದೇ ಔಷಧವನ್ನು ಕೂಸು ಹುಟ್ಟಿದ ಮೇಲೆ, ಒಳಗೆ ಇನ್ನೊಂದು ಕೂಸಿಲ್ಲವೆಂದು ನೋಡಿಕೊಂಡು, ಹತ್ತು ಯೂನಿಟ್ ಸ್ನಾಯುವಿಗೆ ಹಾಕಿದರೆ ರಕ್ತಸ್ರಾವವನ್ನು ತಡೆದು ತಾಯಿಯನ್ನು ಉಳಿಸುವದು. ಹೊತ್ತು ಮಾತ್ರ ಬೇರೆ. ಅದನ್ನು ತಣ್ಣಗೆ ಇಡದಿದ್ದರೆ ಶಕ್ತಿ ಕುಂದುವದಾದ್ದರಿಂದ ಸೂಜಿಯವನ ಚೀಲದಲ್ಲಿ ಬಿಸಿಲಲ್ಲಿ ತಿರುಗಿದ ಸೀಸೆಯನ್ನು ನಂಬಲೂ ಆಗದು.

ಬಸುರಿಗೆ ತೀವ್ರ ತಲೆನೋವು, ಕಣ್ಣು ಮಂಜಾಗುವದು, ಮುಖ ಬಾತುಕೊಳ್ಳುವದು ಕಂಡರೆ ರಕ್ತದೊತ್ತಡ ಏರಿದೆ ಎಂದು ತಿಳಿಯಬೇಕು. ಸೆಳೆತ ಬಂದರೆ ಗಾಳಿ ಸೋಂಕೆಂದು ಮಂತ್ರದವನ ಬಳಿಗೆ ಓಡುವ ಜನ ಇನ್ನೂ ಇದ್ದಾರೆ. ಅದಕ್ಕೆ ತಕ್ಕ ಔಷಧವು ಮೆಗ್ನೀಸಿಯಂ ಸಲ್ಫೇಟ್. ಬೇರೆ ಔಷಧಗಳಿಗಿಂತ ಅದು ಮೇಲೆಂದು ೧೯೯೫ರಲ್ಲಿ ಅನೇಕ ದೇಶಗಳ ತಾಯಂದಿರಲ್ಲಿ ಪರೀಕ್ಷಿಸಿ ಸ್ಥಾಪಿಸಿದರು. ಬೆಲೆಯೂ ಕಡಿಮೆ.

ಹೆರಿಗೆಯ ನೋವನ್ನು ತಗ್ಗಿಸುವ ಔಷಧವು ದೇವರ ಚಿತ್ತಕ್ಕೆ ವಿರೋಧವೋ ಎಂದು ಒಬ್ಬ ಸಹೋದರಿ ನಮ್ಮನ್ನು ಕೇಳಿದರು. ೧೮೪೭ರಲ್ಲಿ ಎಡಿನ್‌ಬರೋದ ಡಾಕ್ಟರ್ ಸಿಂಪ್ಸನರು ಹೆರಿಗೆಯಲ್ಲಿ ಕ್ಲೋರೋಫಾರ್ಮನ್ನು ಉಪಯೋಗಿಸಿದಾಗ ಆದಿಕಾಂಡದ ಮೂರನೆಯ ಅಧ್ಯಾಯವನ್ನು ತೋರಿಸಿ ಆಕ್ಷೇಪಿಸಿದವರಿದ್ದರು. ಆ ಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಆದಾಮನ ಎಲುಬನ್ನು ತೆಗೆಯುವ ಮೊದಲು ಅವನಿಗೆ ಗಾಢನಿದ್ರೆಯನ್ನು ಬರಮಾಡಿದನಲ್ಲಾ ಎಂದು ಸಿಂಪ್ಸನರು ಉತ್ತರಕೊಟ್ಟರು. ನಮಗೆ ಅದಕ್ಕಿಂತ ಹೆಚ್ಚು ಹೇಳಲಿಕ್ಕಿಲ್ಲ.

ಹುಟ್ಟಿದ ಕೂಸಿನ ಹೊಕ್ಕುಳಿಗೆ ಎಣ್ಣೆ, ಅರಿಸಿನ, ಬೂದಿ, ಸಗಣಿ ಯಾವದನ್ನೂ ಹಚ್ಚದೆ ಒಣಗಿರುವಂತೆ ಬಿಡಬೇಕು. ಹಿಂದೆ ಇದರಿಂದಲೇ ಧನುರ್ವಾಯು ಬಂದು ಅಸಂಖ್ಯ ಕೂಸುಗಳು ಎಂಟನೆಯ ದಿನದ ಒಳಗೆ ಸಾಯುತ್ತಿದ್ದವು. ತಾಯಂದಿರಿಗೆ ಲಸಿಕೆ ಹಾಕಿದ್ದರಿಂದಲೂ ಶುದ್ಧ ಹೆರಿಗೆಯಿಂದಲೂ ೨೦೧೫ರಲ್ಲಿ ಭಾರತವು ಆ ಪೀಡೆಯನ್ನು ಹತೋಟಿಗೆ ತಂದಿತೆಂದು ನಿಶ್ಚಯವಾಯಿತು. ಹುಟ್ಟಿದ ದಿನವೇ ಕೂಸಿನ ತೊಡೆಗೆ ಹಾಕುವ ವಿಟಮಿನ್ ಕೆ ಸೂಜಿಯನ್ನು ಬೇಡವೆನ್ನಬೇಡಿರಿ. ಅದು ಮೆದುಳಿನ ಒಳಗೆ ರಕ್ತ ಸೋರುವದನ್ನು ತಡೆಯುವದು. ಆರು ತಿಂಗಳ ತನಕ ಮೊಲೆಹಾಲಿನ ಹೊರತು ಬಜೆ ತೇಯ್ದದ್ದೂ ಗ್ರೈಪ್ ವಾಟರೂ ನೀರೂ ಬೇಕಾಗಿಲ್ಲ. ಬಾಣಂತಿಗೆ ಔಷಧ ಕೊಟ್ಟಾಗ ಕೂಸಿಗೆ ಹಾಲು ಬಿಡಿಸುವವರಿದ್ದಾರೆ. ಹೆಚ್ಚಿನ ಔಷಧಗಳಿಗೆ ಅದರ ಅಗತ್ಯವಿಲ್ಲ. ಡಾಕ್ಟರರಿಗೆ ಹಾಲೂಡಿಸುವ ಸಂಗತಿಯನ್ನು ತಿಳಿಸಿದರೆ ಅವರೇ ತಕ್ಕದ್ದನ್ನು ಆರಿಸಿ ಬರೆಯುವರು.

ಲಸಿಕೆಗಳ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.